ಎಡೆಗೆ ಇಟ್ಟ ಮುಖ

ಆ ದಿನ ಗಣಿತದ ಮೇಷ್ಟ್ರು ನಮ್ಮತ್ತೆಯ ಮನೆಯ ಜಗಲಿ ಹತ್ತಿದ್ದರೋ, ಅಂಗಳದಲ್ಲೇ ನಿಂತಿದ್ದರೋ ನನಗೆ ಖಚಿತವಾಗಿ ಗೊತ್ತಿಲ್ಲ. ನನ್ನ ತಲೆಯಲ್ಲಿ ಎರಡೂ ಇವೆ. ಒಂದರಲ್ಲಿ ಅವರು ಜಗಲಿಯ ಕಂಬಕ್ಕೆ ಒರಗಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಇನ್ನೊಂದರಲ್ಲಿ ಬಿಸಿಲಿನಲ್ಲಿ, ಚಪ್ಪಲಿ ಬಿಡದೆ ನಿಂತಿದ್ದಾರೆ. ನಾನು ಹೊಸಿಲಿನ ಒಳಗೆ ಇದ್ದೇನೆ. ಎರಡೂ ನಿಜವಾಗಿರಲಾರವು. ಎರಡೂ ಸುಳ್ಳಾಗಿರುವ ಸಾಧ್ಯತೆ ಇದೆ. ಮೈಸೂರಿನಲ್ಲಿ ನಾಲ್ಕು ವರ್ಷ ತರ್ಕಶಾಸ್ತ್ರ ಓದಿದ್ದರಿಂದ ನನಗೆ ಇಷ್ಟು ಹೇಳಲು ಬರುತ್ತದೆ, ಇದಕ್ಕಿಂತ ಹೆಚ್ಚಲ್ಲ. ಜಗಲಿಯ ಮೇಲೆ ಕೂತ ನೆನಪು ನನಗೆ ಅನುಕೂಲವಾದದ್ದು. ಅದಕ್ಕೇ ಅದರ ಮೇಲೆ ನನಗೆ ಅನುಮಾನ ಜಾಸ್ತಿ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಮತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಕಡಲೆಕಾಯಿ ಮಂಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಉತ್ತರಕ್ಕೆ ದೊಡ್ಡ ಕಿಟಕಿ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಹಿಡಿದದ್ದು. ಯಾಕೆಂದರೆ ನನಗೆ ಚಿತ್ರ ಬರೆಯುವ ಹುಚ್ಚಿತ್ತು. ಕಾಲೇಜಿನಲ್ಲಿದ್ದಾಗ ಸಂಜೆ ಹೊತ್ತು ಒಬ್ಬ ವಯಸ್ಸಾದ ಚಿತ್ರಗಾರರ ಮನೆಗೆ ಹೋಗಿ ಎಣ್ಣೆಬಣ್ಣ ಕಲಿತಿದ್ದೆ. ಅರಮನೆಯ ಗೋಡೆಗಳ ಮೇಲೆ ತೂಗುವಂಥ ಚಿತ್ರಗಳ ಹಳೆಯ ಪದ್ಧತಿ ಅವರದು. ಮೊದಲು ಇದ್ದಿಲಿನಲ್ಲಿ ಗೆರೆ. ಆಮೇಲೆ ಒಂದೇ ಕಂದು ಬಣ್ಣದಲ್ಲಿ ನೆರಳು ಬೆಳಕು. ಅದು ಪೂರ್ತಿ ಒಣಗಿದ ಮೇಲೆ ತೆಳುವಾಗಿ ಮೈಬಣ್ಣ, ಅದೂ ಒಣಗಿದ ಮೇಲೆ ಇನ್ನೊಂದು ಪದರ. ಅಗಸೆ ಎಣ್ಣೆ ಒಣಗುವುದಕ್ಕೆ ಅವಸರ ಮಾಡುವುದಿಲ್ಲ. ಒಂದು ಮುಖಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತಿತ್ತು. "ಕಣ್ಣಿನ ಬಿಳಿ ಅಂತಾರಲ್ಲ, ಬಿಳಿ ಎಲ್ಲಿದೆ ತೋರ್ಸು ನೋಡೋಣ" ಎಂದು ಗುರುಗಳು ಕೇಳುತ್ತಿದ್ದರು. ನೋಡಿದರೆ ಅಲ್ಲಿ ಬೂದಿ, ನೀಲಿ, ಸ್ವಲ್ಪ ಕೆಂಪು ಇರುತ್ತಿತ್ತು. ಕಂಡದ್ದನ್ನು ಬರಿ, ಗೊತ್ತಿರುವುದನ್ನು ಬರೀಬೇಡ ಎನ್ನುವುದು ಅವರ ಪಾಠ. ನಾನು ಅದನ್ನು ಬದುಕಿಗೂ ಹಚ್ಚಿಕೊಂಡು, ಕಣ್ಣಿಗೆ ಕಾಣದ್ದನ್ನು ನಂಬುವವರನ್ನು ಕಂಡರೆ ನಗುತ್ತಿದ್ದೆ.

ಗಣಿತದ ಮೇಷ್ಟ್ರು ನನಗಿಂತ ಒಂದು ವರ್ಷ ಮುಂಚೆ ಆ ಸ್ಕೂಲಿಗೆ ಬಂದಿದ್ದರು. ಅಂಬಾಜಿದುರ್ಗದ ಬುಡದಲ್ಲಿರುವ ಒಂದು ಹಳ್ಳಿ ಅವರದು. ಊರಾಚೆಯ ಕೇರಿಯಲ್ಲಿ ಹುಟ್ಟಿ, ಚಿಂತಾಮಣಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದಿ, ಬೆಂಗಳೂರಿನಲ್ಲಿ ಬಿ.ಎಸ್ಸಿ. ಮಾಡಿದವರು. ಸ್ಟಾಫ್ ರೂಮಿನ ಮಡಕೆಯ ನೀರನ್ನು ಅವರು ಕುಡಿಯುತ್ತಿರಲಿಲ್ಲ. ಒಂದು ಬಾಟಲಿಯಲ್ಲಿ ತಾವೇ ತರುತ್ತಿದ್ದರು. ಮುಟ್ಟಬೇಡಿ ಎಂದು ಯಾರೂ ಹೇಳಿರಲಿಲ್ಲ. ಮುಟ್ಟಿ ಎಂದೂ ಯಾರೂ ಹೇಳಿರಲಿಲ್ಲ. ನನ್ನ ಕೋಣೆಯಲ್ಲಿ ಮಾತ್ರ ನನ್ನ ಲೋಟದಲ್ಲೇ ಟೀ ಕುಡಿಯುತ್ತಿದ್ದರು, ಅದಕ್ಕಾಗಿ ನನ್ನ ಬಗ್ಗೆ ನನಗೆ ಬಹಳ ಮೆಚ್ಚುಗೆ ಇತ್ತು.

ಒಂದು ಭಾನುವಾರ ಅವರೇ ಕೇಳಿದರು.

"ಮೇಷ್ಟ್ರೇ, ನನ್ನದೊಂದು ಬರ್ಕೊಡ್ತೀರಾ? ಕೋಟು ಹಾಕ್ಕೊಂಡು ಕೂತಿರೋ ಹಂಗೆ. ನಮ್ಮಮ್ಮನಿಗೆ."

ಫೋಟೋ ತೆಗೆಸಿ ಕಳಿಸಬಹುದಲ್ಲ ಎಂದೆ.

"ಫೋಟೋ ಬೇಡ ಅಂತಾಳೆ. ಮಿಶನ್ನು ಆಯುಸ್ಸು ಹೀರ್ಕೊಳ್ತದಂತೆ. ಕೈಯಲ್ಲಿ ಬರೆದ್ರೆ ಪರವಾಗಿಲ್ವಂತೆ. ಎರಡು ವರ್ಷ ವಾದ ಮಾಡಿ ಇಷ್ಟಕ್ಕೆ ಒಪ್ಪಿಸಿದೀನಿ."

ಅವರ ತಾಯಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಬೇರೆಯವರ ಹೊಲದಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದ್ದರು. ಮಗ ಕೋಟು ಹಾಕಿಕೊಂಡು ಪಾಠ ಮಾಡುವುದನ್ನು ಆಕೆ ನೋಡಿರಲಿಲ್ಲ. ಕೋಟು ಹಾಕಿಕೊಂಡು ಮೇಷ್ಟ್ರು ತಮ್ಮ ಊರಿಗೆ ಹೋಗುತ್ತಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಊರ ಮಧ್ಯೆ ಹಾದುಹೋಗಬೇಕಿತ್ತು. ಚಿತ್ರವಾದರೆ ಗೋಣಿತಾಟಿನಲ್ಲಿ ಸುತ್ತಿಕೊಂಡು ಹೋಗಬಹುದು, ಮನೆಯೊಳಗೆ ಬಿಚ್ಚಬಹುದು.

ಬರೆದುಕೊಡುತ್ತೇನೆ ಎಂದೆ. ಈ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ.

ಮುಂಗಾರು ಶುರುವಾದಾಗಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಂದು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಅಲುಗಾಡದೆ ಕೂರುವುದರಲ್ಲಿ ಅವರಷ್ಟು ಒಳ್ಳೆಯವರನ್ನು ನಾನು ಕಂಡಿಲ್ಲ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಕಪ್ಪು ಎಷ್ಟು ಟ್ಯೂಬ್ ತರ್ಸಿದೀರ ಮೇಷ್ಟ್ರೇ?"

"ಕಪ್ಪು ಇಲ್ವೇ ಇಲ್ಲ. ನಮ್ಮ ಗುರುಗಳು ಮುಟ್ಟೋಕೆ ಬಿಡ್ತಿರ್ಲಿಲ್ಲ."

"ಹಂಗಾದ್ರೆ ನನ್ನನ್ನ ಯಾತರಲ್ಲಿ ಬರೀತೀರಿ?"

"ಕಾವಿ, ಕೆಂಪು, ನೀಲಿ. ಕೆನ್ನೆ ಕೆಳಗೆ ಸ್ವಲ್ಪ ಹಸಿರು."

"ಹಸಿರಾ? ನಮ್ಮಮ್ಮನ ಮುಂದೆ ಹೇಳ್ಬಿಟ್ಟೀರ. ಪಿತ್ತ ಆಗೈತೆ ಅಂತ ಬೇವಿನ ಕಷಾಯ ಕುಡಿಸ್ತಾಳೆ."

ಆಗಸ್ಟ್ ಮುಗಿಯುವ ಹೊತ್ತಿಗೆ ಮುಖ ಬಂದಿತ್ತು. ನಾನು ಬರೆದದ್ದರಲ್ಲಿ ಅದೇ ಚೆನ್ನಾಗಿತ್ತು. ಆಮೇಲೂ ಅದಕ್ಕಿಂತ ಚೆನ್ನಾಗಿ ಏನನ್ನೂ ಬರೆಯಲಿಲ್ಲ. ಕೋಟಿನ ಕಾಲರು, ಒಂದು ಕಡೆಯ ಭುಜ ಬಾಕಿ ಇದ್ದವು. ಮೇಷ್ಟ್ರು ಎದ್ದು ಬಂದು ನೋಡಿದರು. ಆಮೇಲೆ, "ಇವನು ಯಾರೋ ಅಮಲ್ದಾರನ ಹಂಗವ್ನೆ" ಎಂದರು. ತಾಯಿಗೆ ಕಾಗದ ಬರೆದು, ಪಕ್ಷದ ಹಬ್ಬಕ್ಕೆ ಬರುವಾಗ ತರುತ್ತೇನೆಂದು ತಿಳಿಸಿದ್ದೇನೆ, ಓದಿ ಹೇಳುವವರು ಓದಿ ಹೇಳಿರುತ್ತಾರೆ ಎಂದರು.

ಪಕ್ಷದ ಹಬ್ಬ ಎಂದರೆ ನಮ್ಮ ಕಡೆ ಮಹಾಲಯ ಅಮಾವಾಸ್ಯೆ, ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಅವರು ಇದ್ದಾಗ ಇಷ್ಟಪಡುತ್ತಿದ್ದ ಅಡುಗೆಯನ್ನೆಲ್ಲ ಮಾಡಿ, ಎಲೆ ಹಾಕಿ, ಅವರ ಫೋಟೋ ಮುಂದೆ ಇಟ್ಟು, ಬಾಗಿಲು ಸ್ವಲ್ಪ ಹೊತ್ತು ಮುಂದೆ ಮಾಡಿ ಎಲ್ಲರೂ ಹೊರಗಿರುತ್ತೇವೆ. ಫೋಟೋ ಇಲ್ಲದ ಮನೆಯವರು ಒಂದು ಕಳಶ ಇಟ್ಟು, ಅದರ ಪಕ್ಕ ಹೊಸ ಪಂಚೆ ಶಲ್ಯ ಮಡಿಸಿಡುತ್ತಾರೆ. ಶಿಡ್ಲಘಟ್ಟದಲ್ಲಿದ್ದ ನಮ್ಮ ಸೋದರತ್ತೆ ಮೂವತ್ತು ವರ್ಷಕ್ಕೂ ಮೇಲೆ ಹಾಗೆ ಕಳಶಕ್ಕೇ ಎಡೆ ಇಟ್ಟವಳು.

ಅತ್ತೆ ನನ್ನ ತಂದೆಯ ಅಕ್ಕ. ಮದುವೆಯಾದ ನಾಲ್ಕನೇ ವರ್ಷಕ್ಕೆ ಮಾವ ಜ್ವರದಲ್ಲಿ ತೀರಿಕೊಂಡಿದ್ದರು. ಆಗ ಮಗ ಕೈಕೂಸು. ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ ಎಲ್ಲವನ್ನೂ ಅವಳೇ ನಿಂತು ನೋಡಿಕೊಂಡಳು. ಮಾವನನ್ನು ಕಂಡಿದ್ದವರು ಒಬ್ಬೊಬ್ಬರಾಗಿ ಹೋಗಿ, ಆ ಮುಖ ಗೊತ್ತಿದ್ದವಳು ಅವಳೊಬ್ಬಳೇ ಉಳಿದಿದ್ದಳು. ಅವಳ ಮಗ ಆ ವರ್ಷ ಹೊಸ ಪಡಸಾಲೆ ಕಟ್ಟಿಸಿದ. ನಾನು ನೋಡಲು ಹೋದಾಗ ಅತ್ತೆ ಕೇಳಿದಳು.

"ಏನಪ್ಪಾ, ನೀನು ಮನುಷ್ಯರನ್ನ ಇದ್ದಂಗೇ ಬರೀತೀಯಂತೆ."

"ಬರೀತೀನಿ ಅತ್ತೆ. ಮುಂದೆ ಕೂತ್ಕೋಬೇಕು, ಅಷ್ಟೇ."

"ಅವರೆಲ್ಲಿಂದ ಬಂದು ಕೂತ್ಕೋತಾರೆ? ನಾನು ಹೇಳ್ತೀನಿ, ನೀನು ಬರಿ."

ಪುಸ್ತಕ, ಪೆನ್ಸಿಲು ತೆಗೆದುಕೊಂಡು ಕೂತೆ. ಮೂಗು ಹೇಗಿತ್ತು ಎಂದು ಕೇಳಿದೆ.

"ಮೂಗಿದ್ದಂಗಿತ್ತು."

"ಉದ್ದವೋ ಮೊಂಡೋ?"

"ನಾನೇನು ಅಳತೆ ತಗೊಂಡಿದ್ನಾ? ಅವಾಗ ಹಂಗೆಲ್ಲ ತಲೆ ಎತ್ತಿ ನೋಡ್ತಿರ್ಲಿಲ್ಲ ಕಣಪ್ಪ. ಉಣ್ಣೋವಾಗ ಒಂದು ಹುಬ್ಬು ಮೇಲಕ್ಕೆತ್ತೋರು, ಸಾರು ಚೆನ್ನಾಗಿದ್ರೆ. ಅದು ಬರ್ಕೋ."

ಅದನ್ನು ಬರೆದುಕೊಳ್ಳುವುದು ಹೇಗೆ ಎಂದು ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಹೇಳಿದಳು: "ಮೊದಮೊದಲು ಕಣ್ಣು ಮುಚ್ಚಿದ್ರೆ ಬರೋರು. ಈಗ ಪಂಚೆ ಅಂಚು ಬರ್ತದೆ, ಮುಖ ಬರಲ್ಲ. ಎಡೆ ಇಡೋವಾಗ ಯಾರಿಗೆ ಇಡ್ತಿದೀನಿ ಅಂತಾನೇ ತಿಳಿಯಲ್ಲ."

ಗೌರಿಬಿದನೂರಿಗೆ ವಾಪಸ್ಸು ಬಂದು ಪ್ರಯತ್ನ ಮಾಡಿದೆ. ಮೂರು ಸಲ ಗೆರೆ ಹಾಕಿದೆ, ಮೂರು ಸಲವೂ ಅಳಿಸಿದೆ. ಎದುರಿಗೆ ಮುಖವಿಲ್ಲದೆ ನನ್ನ ಕೈ ಓಡುವುದಿಲ್ಲ. ಅಮಾವಾಸ್ಯೆಗೆ ಎರಡು ವಾರ ಇತ್ತು.

ಇನ್ನು ಮುಂದಿನದನ್ನು ನಾನು ಯಾವಾಗ ತೀರ್ಮಾನಿಸಿದೆ ಎಂದು ಹೇಳಲಾರೆ. ತೀರ್ಮಾನವನ್ನೇ ಮಾಡಲಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ಒಂದು ಸಂಜೆ ಮೇಷ್ಟ್ರ ಚಿತ್ರದ ಮುಂದೆ ನಿಂತಿದ್ದೆ. ಇಪ್ಪತ್ತೆಂಟು ವರ್ಷದ ಮುಖ. ಮಾವ ಸತ್ತಾಗಲೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಕುಂಚ ತೆಗೆದುಕೊಂಡು ತಲೆಗೆ ಒಂದು ಪೇಟ ಸುತ್ತಿದೆ. ಹೇಗೆ ಕಾಣುತ್ತದೆ ನೋಡೋಣ ಅಂತ. ಕೆಳಗಿನ ಪದರ ಒಣಗಿದೆ, ಮೇಲಿನದು ಹಸಿ. ಎರಡು ದಿನದೊಳಗೆ ಟರ್ಪೆಂಟೈನ್ ಹಾಕಿ ಬಟ್ಟೆಯಿಂದ ಒರೆಸಿದರೆ ಪೇಟ ಹೋಗುತ್ತದೆ, ಮೇಷ್ಟ್ರು ಹಾಗೇ ಉಳಿಯುತ್ತಾರೆ. ಹಾಗೆ ಅಂದುಕೊಂಡೇ ಮೀಸೆಯನ್ನೂ ಬರೆದೆ. ಹಣೆಗೆ ನಾಮ ಇಟ್ಟೆ, ಮುಗಿಯದ ಕೋಟಿನ ಮೇಲೆ ಶಲ್ಯ ಹೊದಿಸಿದೆ.

ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಇಲ್ಲಿ ಬರೆಯಲೇಬೇಕು. ಅತ್ತೆಯ ಮೇಲಿನ ಕರುಣೆ ಒಂದಿತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೂವತ್ತು ವರ್ಷದ ನೆನಪು ಎನ್ನುವುದು ಎಷ್ಟು ಪೊಳ್ಳು ಎಂದು ಪರೀಕ್ಷೆ ಮಾಡುವ ಆಸೆ ಇತ್ತು. ಯಾರದೋ ಮುಖ ತೋರಿಸಿದರೆ ಅವಳು ಒಪ್ಪುತ್ತಾಳೆಯೇ? ಇನ್ನೂ ಒಂದಿತ್ತು. ಜಾತಿಯ ಬಗ್ಗೆ ಅಷ್ಟು ಬಿಗುವಿದ್ದ ಆ ಮನೆಯವರು ಯಾರ ಮುಖಕ್ಕೆ ಕೈ ಮುಗಿಯುತ್ತಿದ್ದಾರೆಂದು ನನಗೊಬ್ಬನಿಗೇ ಗೊತ್ತಿರುತ್ತದೆ ಎಂಬ ಖುಷಿ. ಅದನ್ನು ನಾನು ಸಮಾಜ ಸುಧಾರಣೆ ಎಂದುಕೊಂಡಿದ್ದೆ. ಸುಧಾರಣೆಗೆ ಯಾರ ಮುಖ ಬಳಸಿಕೊಂಡೆನೋ ಅವರನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ.

ಶನಿವಾರ ಚಿತ್ರವನ್ನು ಬಸ್ಸಿನಲ್ಲಿ, ಹಸಿ ಬಣ್ಣ ಯಾರಿಗೂ ತಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಪಡಸಾಲೆಯ ಗೋಡೆಗೆ ಒರಗಿಸಿಟ್ಟೆ. ಅತ್ತೆ ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದವಳು ಕೈ ತೊಳೆದುಕೊಂಡು ಬಂದಳು. ದೂರದಿಂದ ನೋಡಿದಳು, ಹತ್ತಿರ ಬಂದು ನೋಡಿದಳು. ಕಿವಿ ಇನ್ನೊಂಚೂರು ದೊಡ್ಡದಿತ್ತು ಎಂದಳು. ಆಮೇಲೆ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಂದು ಹೆಜ್ಜೆ ಹಿಂದಕ್ಕೆ ಸರಿದು, ಬಾಗಿಲ ಮರೆಗೆ ನಿಂತಳು. ಗಂಡ ಮನೆಗೆ ಬಂದಾಗ ಹೆಂಡತಿ ನಿಲ್ಲುತ್ತಿದ್ದಂತೆ.

"ಇವರೇ," ಎಂದಳು.

ನನ್ನ ಪ್ರಯೋಗ ಗೆದ್ದಿತ್ತು. ಆಗಲೂ ಒರೆಸಿಬಿಡಬಹುದಿತ್ತು. ಫ್ರೇಮು ಹಾಕಿಸಬೇಕು ಎಂದು ಚಿತ್ರವನ್ನು ವಾಪಸ್ಸು ಎತ್ತಿಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡೆ, ಇನ್ನೂ ನಾಳೆ ಸಂಜೆವರೆಗೆ ಟೈಮಿದೆ.

ಚಿಕ್ಕಬಳ್ಳಾಪುರದ ಪೇಟೆಬೀದಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವವನೊಬ್ಬನಿದ್ದ. ಮಾತಿನಲ್ಲಿ ಅರ್ಧ ತೆಲುಗು. ಚಿತ್ರ ನೋಡಿದ, ಬೆರಳಿನಿಂದ ಅಳತೆ ಹಾಕಿದ.

"ಗಾಜು ಬೇಡ," ಎಂದೆ. "ಎಣ್ಣೆ ಚಿತ್ರಕ್ಕೆ ಗಾಜು ಹಾಕಬಾರದು."

"ಗಾಜಿಲ್ಲದ ಫ್ರೇಮಾ? ಧೂಳು ತಿಂದ್ಬಿಡ್ತದೆ ಸ್ವಾಮಿ. ಆಮೇಲೆ ನನ್ನ ಬಯ್ಯಬೇಡಿ." ಕಟ್ಟುಗಳ ಕಡೆ ತಿರುಗಿ, ನನ್ನ ಮುಖ ನೋಡದೆಯೇ ಕೇಳಿದ: "ಉನ್ನಾರಾ, ಪೋಯಿನಾರಾ? ಇದಾರಾ, ಹೋದ್ರಾ?"

ಇರುವವರಿಗೆ ಚಿನ್ನದ ಬಣ್ಣದ ಕಟ್ಟು, ಹೋದವರಿಗೆ ಕಪ್ಪು. ಹೋದವರ ಫ್ರೇಮಿನ ಮೇಲೆ ಹಾರಕ್ಕೆಂದು ಎರಡು ಮೊಳೆ ಹೊಡೆದೇ ಕೊಡುತ್ತಿದ್ದ. ಅದು ಅವನ ಅಂಗಡಿಯ ಪದ್ಧತಿ.

"ಹೋದ್ರು," ಎಂದೆ.

ಅವನು ಮೊಳೆ ಹೊಡೆಯುತ್ತಿರುವಾಗ ಪಕ್ಕದ ಅಂಗಡಿಯಲ್ಲಿ ಕಾಫಿ ಕುಡಿದೆ.

ಸೋಮವಾರ ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಚಿತ್ರ ಎಲ್ಲಿಗೆ ಬಂತು ಎಂದು ಕೇಳಿದರು. ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡಿದ್ದೆ.

"ಈ ಮಳೆಗೆ ಬಣ್ಣ ಒಣಗ್ತಾ ಇಲ್ಲ. ಶಿಡ್ಲಘಟ್ಟದಲ್ಲಿ ನಮ್ಮತ್ತೆ ಮನೇಲಿ ಹುಳು ಸಾಕೋ ಕೋಣೆ ಬೆಚ್ಚಗಿರುತ್ತಲ್ಲ, ಕೆಂಡದ ಒಲೆ ಇಟ್ಟಿರ್ತಾರೆ. ಅಲ್ಲಿ ಒಣಗೋಕೆ ಇಟ್ಟಿದೀನಿ."

ಮೇಷ್ಟ್ರ ತಾಯಿ ಎಷ್ಟೋ ಮನೆಗಳಲ್ಲಿ ಹುಳುವಿಗೆ ಸೊಪ್ಪು ಹಾಕುವ ಕೂಲಿಗೆ ಹೋಗುತ್ತಿದ್ದವರು.

"ಹುಳದ ಕೋಣೆಗೆ ಹೋಗೋವಾಗ ನಮ್ಮಮ್ಮ ತಲೆಗೆ ಎಣ್ಣೆ ಕೂಡ ಹಾಕ್ತಿರ್ಲಿಲ್ಲ. ವಾಸನೆಗೆ ಹುಳು ಮೇವು ಬಿಟ್ಬಿಡ್ತವೆ ಅಂತ. ನಿಮ್ಮತ್ತೆ ಮನೆ ಹುಳ ಟರ್ಪೆಂಟೈನ್ ತಡ್ಕೊಳ್ತವಾ?"

ಅತ್ತೆಯ ಮನೆಯಲ್ಲಿ ಬೀಡಿ ಸೇದಿದವನನ್ನೂ ಆ ಕೋಣೆಯ ಹತ್ತಿರ ಬಿಡುತ್ತಿರಲಿಲ್ಲ. ರೇಷ್ಮೆ ಸೀಮೆಯಲ್ಲಿ ಹುಟ್ಟಿ ಇಂಥ ಸುಳ್ಳು ಹೇಳಿದ್ದೆ. ಪಕ್ಕದ ಕೋಣೆ, ಗೋಡೆ ಬೆಚ್ಚಗಿರುತ್ತೆ ಎಂದು ಏನೋ ಹೇಳಿದೆ. ಅವರು "ಸರಿ" ಎಂದು ಚಾಕ್‌ಪೀಸು ತೆಗೆದುಕೊಂಡು ಕ್ಲಾಸಿಗೆ ಹೋದರು.

ಅಮಾವಾಸ್ಯೆಯ ದಿನ ನಾನು ಶಿಡ್ಲಘಟ್ಟದಲ್ಲಿದ್ದೆ. ಪಡಸಾಲೆಯ ಗೋಡೆಯಲ್ಲಿ ಕಪ್ಪು ಕಟ್ಟಿನ ಚಿತ್ರ, ಅದಕ್ಕೆ ಸೇವಂತಿಗೆ ಹಾರ, ಹಣೆಗೆ ನಾನು ಬರೆದ ನಾಮದ ಮೇಲೆ ಅತ್ತೆ ಇಟ್ಟ ಕುಂಕುಮ. ಕೆಳಗೆ ದೊಡ್ಡ ಬಾಳೆಎಲೆ. ಕೋಳಿ ಸಾರು, ಮುದ್ದೆ, ವಡೆ, ಕಜ್ಜಾಯ, ಎಲೆ ಅಡಿಕೆ, ಒಂದು ಕಟ್ಟು ಬೀಡಿ. ಅತ್ತೆಯ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಮುಂಚೆ ಕಂಡಿರಲಿಲ್ಲ. ಎಡೆ ಮುಗಿದು ಬಾಗಿಲು ತೆರೆದಾಗ ಅಂಗಳದಿಂದ ಯಾರೋ ನಾನು ಇದ್ದೇನೆಯೇ ಎಂದು ಕೇಳಿದರು. ಅತ್ತೆಯೇ ಮೊದಲು ಹೊರಗೆ ಹೋದಳು.

ಮೇಷ್ಟ್ರು ಗೌರಿಬಿದನೂರಿನಿಂದ ತಮ್ಮ ಊರಿಗೆ ಹೋಗುವಾಗ ಶಿಡ್ಲಘಟ್ಟದಲ್ಲಿ ಇಳಿದಿದ್ದರು. ಚಿತ್ರ ಸುತ್ತಿಕೊಳ್ಳಲು ಒಂದು ಗೋಣಿತಾಟು ತಂದಿದ್ದರು.

"ಯಾರಪ್ಪ ನೀನು? ಎಲ್ಲೋ ನೋಡಿದಂಗಿದೆ," ಎಂದಳು ಅತ್ತೆ.

"ನೋಡಿರ್ತೀರ ಅಮ್ಮ," ಎಂದರು ಮೇಷ್ಟ್ರು. ಅವರ ಕಣ್ಣು ಅತ್ತೆಯ ಭುಜದ ಮೇಲಿಂದ ಒಳಗೆ, ಗೋಡೆಯ ಮೇಲಿತ್ತು.

ಈ ಎರಡು ಮಾತುಗಳನ್ನು ಅವರು ಆಡಿದರೋ, ಇಷ್ಟು ವರ್ಷಗಳಲ್ಲಿ ನಾನೇ ಕೂಡಿಸಿದೆನೋ ಹೇಳಲಾರೆ. ಅತ್ತೆ ಯಾವೂರು, ಯಾರ ಪೈಕಿ ಎಂದು ಕೇಳಿದ್ದು ನಿಜ; ಅವಳು ಎಲ್ಲರನ್ನೂ ಕೇಳುತ್ತಿದ್ದಳು. ಮೇಷ್ಟ್ರು ಊರಿನ ಹೆಸರನ್ನೂ ಕೇರಿಯ ಹೆಸರನ್ನೂ ತಡೆಯದೆ ಹೇಳಿದರು. ಅತ್ತೆ ಅರ್ಧ ಹೆಜ್ಜೆ ಸರಿದಳು. ಒರಟಾಗಿ ಏನೂ ಅನ್ನಲಿಲ್ಲ.

"ಹಬ್ಬದ ದಿನ ಬಂದಿದೀಯ. ಊಟ ಮಾಡ್ಕೊಂಡು ಹೋಗಪ್ಪ. ಎಲೆ ಇಲ್ಲೇ ಹಾಕಿಸ್ತೀನಿ."

"ಬೇಡಮ್ಮ. ನಮ್ಮಮ್ಮ ಕಾಯ್ತಿರ್ತಾಳೆ. ಅವಳೂ ಎಡೆ ಇಡ್ಬೇಕು."

ಒಳಗೆ ಬನ್ನಿ ಎಂದು ನಾನು ಹೇಳಲಿಲ್ಲ. ಜಗಲಿಯೋ ಅಂಗಳವೋ ಎಂಬುದರಲ್ಲಿ ನನಗೆ ಅನುಮಾನವಿರಬಹುದು, ಇದರಲ್ಲಿಲ್ಲ. ಗೌರಿಬಿದನೂರಿನ ನನ್ನ ಕೋಣೆಯಲ್ಲಿ ನನ್ನ ಲೋಟದಲ್ಲಿ ಟೀ ಕುಡಿಯುವವರಿಗೆ ಆ ಹೊಸಿಲಿನಲ್ಲಿ ನಿಂತು ನಾನು ಒಂದು ಮಾತು ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಅವಸರದಲ್ಲಿ ನಡೆದೆ ಅಂತಲೂ ಹೇಳಬೇಕು. ಅತ್ತೆ ಇನ್ನೊಂದು ಸಲ ಅವರ ಮುಖ ನೋಡಬಾರದಿತ್ತು.

ರೇಷ್ಮೆಗೂಡಿನ ಮಾರ್ಕೆಟ್ಟು ದಾಟಿದ ಮೇಲೆ ಅವರೇ ಮಾತು ಶುರುಮಾಡಿದರು.

"ಮೀಸೆ ಚೆನ್ನಾಗಿ ಬಂದಿದೆ."

ನಾನು ರಸ್ತೆ ನೋಡುತ್ತಾ ನಡೆದೆ.

"ಯಾರಿಗೋ ಮಾರಿಬಿಟ್ಟಿರ್ತೀರ ಅಂದ್ಕೊಂಡಿದ್ದೆ. ಟರ್ಪೆಂಟೈನ್ ಅಂದಾಗಲೇ. ಇದು ಮಾತ್ರ ಅಂದ್ಕೊಂಡಿರ್ಲಿಲ್ಲ." ಗೋಣಿತಾಟನ್ನು ಮಡಿಸುತ್ತಾ ನಡೆದರು. "ನಿಮ್ಮ ಮನೆ ಒಳಗೆ ಬರೋಕೆ ಸಾಯ್ಬೇಕಾಯ್ತು ನೋಡಿ ನಾನು."

ಅತ್ತೆಯ ಕಥೆಯನ್ನೆಲ್ಲ ಹೇಳಿದೆ. ಪಂಚೆಯ ಅಂಚು ಬರುತ್ತದೆ, ಮುಖ ಬರುವುದಿಲ್ಲ ಎಂದು ಅವಳು ಹೇಳಿದ್ದನ್ನೂ ಹೇಳಿದೆ. ಅವರು ಮನಸ್ಸಿಟ್ಟು ಕೇಳಿದರು. ಅವಳ ದುಃಖವನ್ನು ನನ್ನ ಪರವಾಗಿ ಸಾಕ್ಷಿಗೆ ಕರೆಯುತ್ತಿದ್ದೇನೆ ಎಂದು ನನಗೆ ಆಗಲೇ ಗೊತ್ತಿತ್ತು.

"ಅವರಿಗೆ ಹೇಳ್ಬೇಡಿ," ಎಂದರು. "ಪಾಪ, ಅವರೇನು ಮಾಡಿದಾರೆ. ಹಾರ ಒಂದು ತೆಗೆಸೋಕೆ ಆಗುತ್ತಾ ನೋಡಿ. ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ. ನಮ್ಮಮ್ಮನಿಗೆ ತಿಳಿದ್ರೆ ಎದೆ ಒಡ್ಕೋತಾಳೆ."

ತೆಗೆಸುತ್ತೇನೆ ಎಂದೆ.

"ಇವತ್ತು ಅಮ್ಮನಿಗೆ ಏನು ಹೇಳ್ಲಿ? ಗೋಡೆಗೆ ಸುಣ್ಣ ಹೊಡ್ದು ಕೂತಿದಾಳೆ."

"ಇನ್ನೊಂದು ಬರ್ಕೊಡ್ತೀನಿ. ದೀಪಾವಳಿ ಹೊತ್ತಿಗೆ."

"ದೀಪಾವಳಿ ಇನ್ನು ನಾಲ್ಕು ವಾರ. ಒಣಗೋಕೇ ಎರಡು ತಿಂಗಳು ಬೇಕು ಅಂತ ನೀವೇ ಹೇಳಿದ್ರಿ." ಅವರು ಗಣಿತದ ಮೇಷ್ಟ್ರು.

"ಹಂಗಾದ್ರೆ ಸಂಕ್ರಾಂತಿ."

"ಆಗ್ಲಿ. ಸಂಕ್ರಾಂತಿ ಅಂತ ಹೇಳ್ತೀನಿ," ಎಂದು ಚಿಂತಾಮಣಿ ಬಸ್ಸು ಹತ್ತಿದರು. ಕಿಟಕಿಯಿಂದ ಒಂದು ಸಲ ಕೈ ಎತ್ತಿದರು. ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಹಾರವನ್ನು ನಾನು ತೆಗೆಸಲಿಲ್ಲ. ಯಾವ ಕಾರಣ ಹೇಳಿ ತೆಗೆಸುವುದು?

ಹೊಸ ಕ್ಯಾನ್‌ವಾಸು ಸಿದ್ಧ ಮಾಡಿದೆ. ಮೇಷ್ಟ್ರು ಒಂದು ಭಾನುವಾರ ಬಂದು ಅದೇ ಸ್ಟೂಲಿನ ಮೇಲೆ ಕೂತರು. ಅಂದು ಅವರು ಹಸಿರಿನ ಬಗ್ಗೆಯಾಗಲಿ, ತಾಯಿಯ ಬಗ್ಗೆಯಾಗಲಿ ತಮಾಷೆ ಮಾಡಲಿಲ್ಲ. ಇದ್ದಿಲಿನಲ್ಲಿ ತಲೆಯ ಆಕಾರ, ಕಣ್ಣಿನ ಸಾಲು, ಕಾಲರು ಗುರುತು ಹಾಕಿದೆ. ಈ ಪದ್ಧತಿಯಲ್ಲಿ ಚಿತ್ರ ಬರೆಯುವವನು ಗಂಟೆಗಟ್ಟಲೆ ಒಬ್ಬರ ಮುಖವನ್ನು ನೇರವಾಗಿ ನೋಡಬೇಕು. ನನಗೆ ಆಗಲಿಲ್ಲ. ಕಣ್ಣು ಅವರ ಕಿವಿಯ ಕಡೆಗೋ ಕಿಟಕಿಯ ಕಡೆಗೋ ಜಾರುತ್ತಿತ್ತು. ಮುಂದಿನ ಭಾನುವಾರ ಪರೀಕ್ಷೆ ಪೇಪರು ಇದೆ ಎಂದೆ. ಅದರ ಮುಂದಿನ ವಾರ ಇನ್ನೇನೋ ಹೇಳಿದೆ. ಆ ಮೇಲೆ ಅವರು ಕೇಳುವುದನ್ನು ಬಿಟ್ಟರು. ಬೇಸಿಗೆ ರಜಕ್ಕೆ ಮುಂಚೆ ಅವರಿಗೆ ಚಿಂತಾಮಣಿ ಕಡೆಗೆ ವರ್ಗವಾಯಿತು. ಇದ್ದಿಲಿನ ಗೆರೆ ಇದ್ದ ಆ ಕ್ಯಾನ್‌ವಾಸನ್ನು ನಾನು ಬಟ್ಟೆಯಿಂದ ಕೊಡವಿ, ಊರಿನ ದೊಡ್ಡ ಮನುಷ್ಯರೊಬ್ಬರ ಚಿತ್ರಕ್ಕೆ ಬಳಸಿಕೊಂಡೆ.

ಅರವತ್ತರ ದಶಕದ ಮೊದಲಲ್ಲಿ ಒಮ್ಮೆ ಚಿಂತಾಮಣಿಯ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಕೋಟು ಹಾಕಿದ್ದರು, ಕೈಯಲ್ಲಿ ಒಂದು ಮಗುವಿತ್ತು. ನಾನು ಅಲ್ಲಿ ನಿಂತಿದ್ದ ಒಂದು ಬಸ್ಸಿನ ಹಿಂದಕ್ಕೆ ಹೋಗಿ, ಅವರು ಹೊರಟುಹೋಗುವವರೆಗೆ ಟೈರು ನೋಡುತ್ತಾ ನಿಂತೆ.

ನಾನು ಗೌರಿಬಿದನೂರನ್ನು ಬಿಟ್ಟೆ, ಮತ್ತೆರಡು ಊರುಗಳನ್ನು ಬಿಟ್ಟೆ, ಎಂ.ಎ. ಮಾಡಿದೆ, ಚಿತ್ರ ಬರೆಯುವುದನ್ನೂ ಬಿಟ್ಟೆ. ಅತ್ತೆ ಅರವತ್ತರ ದಶಕದ ಮಧ್ಯದಲ್ಲಿ ಹೋದಳು. ಅಷ್ಟೂ ವರ್ಷ ಆ ಮುಖಕ್ಕೆ ಎಡೆ ಇಟ್ಟಳು. ಅವಳಿಗೆ ಕೊಟ್ಟದ್ದನ್ನು ಅವಳಿಂದ ಕಿತ್ತುಕೊಳ್ಳಲಿಲ್ಲ ಎಂಬುದೊಂದು ಸಮಾಧಾನವೆಂದು ಹೇಳಬಹುದೇನೋ. ಅದು ನನ್ನದಾಗಿದ್ದರೆ ತಾನೇ ಕೊಟ್ಟೆ ಎನ್ನುವುದು.

ಇಷ್ಟೆಲ್ಲದರ ಮಧ್ಯೆ ನನ್ನನ್ನು ಕಾಪಾಡಿದ ಒಂದು ನೆನಪಿತ್ತು. ಮೇಷ್ಟ್ರ ತಾಯಿ ಗೌರಿಬಿದನೂರಿನ ಆ ಚಳಿಗಾಲದಲ್ಲೇ, ಸಂಕ್ರಾಂತಿಗೆ ಮುಂಚೆ, ತೀರಿಕೊಂಡರು. ಹಾಗಾಗಿ ಎರಡನೆಯ ಚಿತ್ರ ನಿಂತುಹೋಯಿತು. ಸ್ಕೂಲಿನ ಜವಾನ ಬಂದು ಮೇಷ್ಟ್ರ ಊರಿನಲ್ಲಿ ಸಾವಾಗಿದೆ ಎಂದದ್ದು, ಅವರು ಛತ್ರಿ ಮರೆತು ಓಡಿದ್ದು, ಅವರ ಕ್ಲಾಸನ್ನು ನಾನು ತೆಗೆದುಕೊಂಡದ್ದು ನನಗೆ ಸ್ಪಷ್ಟವಾಗಿತ್ತು. ಯಾರಿಗೆ ಕೊಡಬೇಕಿತ್ತೋ ಅವರೇ ಇಲ್ಲದ ಮೇಲೆ ಬರೆಯುವುದು ಯಾರಿಗೆ? ಈ ಪ್ರಶ್ನೆಯ ಮೇಲೆ ಎಷ್ಟೋ ವರ್ಷ ನೆಮ್ಮದಿಯಾಗಿ ಮಲಗಿದ್ದೇನೆ. ಇದನ್ನು ಬರೆಯಲು ಕೂತಾಗ, ಸತ್ತದ್ದು ತಾಯಿಯೇ ಎಂದು ನನಗೆ ಹೇಳಿದವರು ಯಾರು ಎಂದು ಕೇಳಿಕೊಂಡೆ. ಜವಾನ ಹೇಳಿದ್ದು ಊರಿನಲ್ಲಿ ಸಾವಾಗಿದೆ ಎಂದಷ್ಟೇ.

ಮೇಷ್ಟ್ರ ಹಳ್ಳಿಗೆ ಹೋಗಿ ಕೇಳಿದೆ. ಮೇಷ್ಟ್ರು ಇಲ್ಲ, ಅವರು ಹೋಗಿ ಆರು ವರ್ಷವಾಗಿತ್ತು. ಅವರ ತಂಗಿ ಅದೇ ಹಳ್ಳಿಯಲ್ಲಿದ್ದರು. ನಾನು ಯಾರೆಂದು ಹೇಳಿದೆ, ಗೌರಿಬಿದನೂರಿನಲ್ಲಿ ಜೊತೆಗಿದ್ದವನು ಎಂದಷ್ಟೇ.

"ಓ, ಚಿತ್ರದ ಮೇಷ್ಟ್ರಾ?" ಎಂದರು. ಅದರಾಚೆಗೆ ಅವರಿಗೆ ಏನು ಗೊತ್ತಿತ್ತೋ, ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಚಾಪೆ ಹಾಕಿ ಒಳಗೆ ಕೂರಿಸಿದರು. ಆ ಚಳಿಗಾಲದಲ್ಲಿ ಸತ್ತದ್ದು ಅಮ್ಮನಲ್ಲ, ದೊಡ್ಡಮ್ಮ ಎಂದರು. ಅಮ್ಮ ಆಮೇಲೂ ಬಹಳ ವರ್ಷ ಇದ್ದರು, ಅಣ್ಣನ ಮಗಳನ್ನು ಸ್ಕೂಲಿಗೆ ತಾವೇ ಕೈಹಿಡಿದು ಬಿಟ್ಟುಬರುತ್ತಿದ್ದರು ಎಂದರು.

ಮನುಷ್ಯರ ನೆನಪು ನಂಬಬಾರದು ಎಂಬ ನನ್ನ ಹಳೆಯ ಚಟ ಆ ಹೆಂಗಸಿನ ಮಾತನ್ನೂ ನಂಬಲು ಬಿಡಲಿಲ್ಲ. ಮಾರನೆಯ ದಿನ ಚಿಂತಾಮಣಿಗೆ ಹೋಗಿ, ಆ ಹಳ್ಳಿಯ ಹಳೆಯ ಜನನ ಮರಣದ ರಿಜಿಸ್ಟರು ತೆಗೆಸಿ, ಪುಟಪುಟವಾಗಿ ನೋಡಿದೆ. ಮೇಷ್ಟ್ರ ತಾಯಿಯ ಹೆಸರು, ಕೇರಿಯ ಹೆಸರು, ಸತ್ತ ದಿನ ಎಲ್ಲ ಇದ್ದವು. ಸಂಕ್ರಾಂತಿಗೆ ಕೊಡುತ್ತೇನೆ ಎಂದು ನಾನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದ ಮೇಲೆ ಆಕೆ ಹನ್ನೊಂದು ವರ್ಷ ಬದುಕಿದ್ದರು.